‘ಗೇವ್ ಅಸ್ ಎ ಹ್ಯಾಂಡ್’ ಎಂದರೆ ಕೈಕೊಟ್ಟ ಎಂದಲ್ಲ

ಪ್ರಶ್ನೆ: ಸರ್, ನನ್ನ ಊರು ಕೊಪ್ಪಳ ಜಿಲ್ಲೆಯ ಕಾರಟಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಈಗ ಬಳ್ಳಾರಿಯ ಒಂದು ಜೀನ್ಸ್ ತಯಾರಿಕಾ ಘಟಕದ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಮುಂಬೈ, ದೆಹಲಿ ಕಡೆಯ ವ್ಯಾಪಾರಿಗಳ ಜೊತೆ ಇಂಗ್ಲಿಷಿನಲ್ಲಿ ವ್ಯವಹರಿಸಬೇಕು. ಮಾತಿಗೆ ಕಳೆ ಬರಲಿ ಎಂದು ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕ ತಂದು ಬಾಯಿಪಾಠ ಮಾಡುತ್ತಿದ್ದೇನೆ. ಬಳಸಿದಾಗಲೆಲ್ಲ ಎಡವಟ್ಟಾಗುತ್ತಿದೆ. ಟ್ರಾನ್ಸ್‌ಪೋರ್ಟ್‌ನವನು ಕೈಕೊಟ್ಟಿದ್ದರಿಂದ ಮಾಲು ತಡವಾಗುತ್ತದೆ ಎಂದು ಒಬ್ಬ ವ್ಯಾಪಾರಿಗೆ ತಿಳಿಸಲು ‘ಗೇವ್ ಅಸ್ ಎ ಹ್ಯಾಂಡ್’ ಎಂದು ಬರೆದೆ. ಅವನಿಗೆ ನನ್ನ ಕಡೆಯಿಂದಲೂ ಥ್ಯಾಂಕ್ಸ್ ಹೇಳಿ ಎಂದು ಉತ್ತರ ಬಂತು! ಇನ್ನೊಬ್ಬ ವ್ಯಾಪಾರಿಯ ತಂದೆ ತೀರಿಕೊಂಡಾಗ ‘ಕಿಕ್ಡ್ ದಿ ಬಕೆಟ್’ ಎಂದು ಬರೆದು ಸಂತಾಪ ಸೂಚಿಸಿದೆ. ಅಂದಿನಿಂದ ಅವರು ನನ್ನೊಡನೆ ಬಿಗಿಯಾಗಿಯೇ ಇದ್ದಾರೆ. ಅರ್ಥ ಸರಿಯಾಗಿಯೇ ಕಲಿತಿದ್ದೇನಲ್ಲ, ಎಲ್ಲಿ ತಪ್ಪುತ್ತಿದ್ದೇನೆ? ದಿನದ ಮಾತಿನಲ್ಲಿ ಇವನ್ನು ಬಳಸುವುದು ಹೇಗೆ? ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ ಪರೀಕ್ಷೆಗೂ ಓದುತ್ತಿದ್ದೇನೆ. ಅದಕ್ಕಾದರೂ ಈ ಬಾಯಿಪಾಠ ಉಪಯೋಗಕ್ಕೆ ಬಂದೀತೇ?

ಉತ್ತರ: ಮೊದಲು ಆ ಎರಡನೆಯ ವ್ಯಾಪಾರಿಗೆ ಫೋನ್ ಮಾಡಿ. ಇ-ಮೇಲ್ ಬೇಡ, ವಾಟ್ಸ್ಆ್ಯಪ್ ಸಂದೇಶವೂ ಬೇಡ. ಹಿಂದಿ ಬಂದರೆ ಹಿಂದಿಯಲ್ಲಿ, ಬರದಿದ್ದರೆ ಸರಳ ಇಂಗ್ಲಿಷಿನಲ್ಲಿ, ಆ ಮಾತಿನ ಧಾಟಿ ತಿಳಿಯದೆ ಬರೆದುಬಿಟ್ಟೆ, ಮನ್ನಿಸಬೇಕು ಎಂದು ಹೇಳಿ. ಬಿಗಿದ ಮುಖ ಸಡಿಲವಾದೀತು. ಪಾಠ ಆಮೇಲೆ.

‘ಕಿಕ್ ದಿ ಬಕೆಟ್’ ಎಂದರೆ ಸಾಯುವುದು ಎಂದು ನಿಮ್ಮ ಪುಸ್ತಕ ಹೇಳಿರುತ್ತದೆ. ಅರ್ಥವೇನೋ ಸರಿಯೇ. ಆದರೆ ಕನ್ನಡದಲ್ಲಿ ಸಾವಿಗೆ ಎಷ್ಟು ಮಾತುಗಳಿವೆ ನೋಡಿ. ಮನೆಯ ಹಿರಿಯರು ತೀರಿಕೊಳ್ಳುತ್ತಾರೆ, ಪತ್ರಿಕೆಯಲ್ಲಿ ಗಣ್ಯರು ನಿಧನರಾಗುತ್ತಾರೆ, ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ನಮಗಾಗದವನು ಮಾತ್ರ ಗೊಟಕ್ಕೆನ್ನುತ್ತಾನೆ ಅಥವಾ ನೆಗೆದುಬೀಳುತ್ತಾನೆ. ಎಲ್ಲದರ ಅರ್ಥವೂ ಒಂದೇ. ಆದರೂ ಸಾವಿನ ಮನೆಗೆ ಮಾತನಾಡಿಸಲು ಹೋದವರು ‘ನಿಮ್ಮ ತಂದೆ ನೆಗೆದುಬಿದ್ದರಂತೆ’ ಎನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ಮೈಮೇಲೆ ಬಟ್ಟೆ ಉಳಿಯುವುದಿಲ್ಲ. ಬಕೆಟ್ ಒದೆಯುವ ಮಾತು ಇಂಗ್ಲಿಷಿನ ನೆಗೆದುಬೀಳುವ ಮಾತು. ಗೆಳೆಯರ ನಡುವೆ, ತಮಾಷೆಗೆ, ಅದೂ ಯಾರಿಗೂ ನೋವಾಗದ ಕಡೆ ಅದು ಸಲ್ಲುತ್ತದೆ. ಕೆಟ್ಟುನಿಂತ ಹಳೆಯ ಹೊಲಿಗೆ ಯಂತ್ರದ ವಿಷಯದಲ್ಲಿ ಬೇಕಾದರೆ ಧಾರಾಳವಾಗಿ ಬಳಸಿ. ಮನುಷ್ಯರ ಸಾವಿಗೆ ‘ಪಾಸ್ಡ್ ಅವೇ’ ಸಾಕು.

ಅಂದರೆ ನುಡಿಗಟ್ಟಿಗೆ ಅರ್ಥದ ಜೊತೆಗೆ ಒಂದು ಧಾಟಿಯೂ ಇರುತ್ತದೆ. ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಬಹುದು ಎಂಬುದು ಅದರ ಅರ್ಧ ಪಾಲು. ಎಡಬದಿಗೆ ನುಡಿಗಟ್ಟು, ಬಲಬದಿಗೆ ಅರ್ಥ ಎಂದು ಅಚ್ಚು ಹಾಕಿದ ಪುಸ್ತಕಗಳು ಆ ಅರ್ಧವನ್ನು ಕೊಡುವುದೇ ಇಲ್ಲ. ನನಗೆ ಇಂಥ ಪುಸ್ತಕಗಳ ಮೇಲೆ ಹಳೆಯ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಿಗುವ ಪುಸ್ತಕಗಳಲ್ಲಿ ಇಂದಿನ ಮಾತೂ ಅಜ್ಜನ ಕಾಲದ ಮಾತೂ, ಸಭೆಯ ಮಾತೂ ಸಾರಾಯಿ ಅಂಗಡಿಯ ಮಾತೂ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಅದರ ಬದಲು ಕಲಿಯುವವರಿಗೆಂದೇ ಮಾಡಿದ ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ನಿಘಂಟುಗಳನ್ನು ನೋಡಿ; ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ನುಡಿಗಟ್ಟಿನ ಪಕ್ಕದಲ್ಲಿ ‘ಇನ್‌ಫಾರ್ಮಲ್’, ‘ಓಲ್ಡ್ ಫ್ಯಾಷನ್ಡ್’, ‘ಹ್ಯೂಮರಸ್’ ಎಂದು ಸಣ್ಣ ಅಕ್ಷರದಲ್ಲಿ ಗುರುತು ಹಾಕಿರುತ್ತಾರೆ. ಅರ್ಥಕ್ಕಿಂತ ಮೊದಲು ಆ ಗುರುತನ್ನು ಓದಿ.

ಇನ್ನು ನಿಮ್ಮ ಮೊದಲ ವ್ಯಾಪಾರಿಯ ಪ್ರಸಂಗ. ‘ಕೈಕೊಟ್ಟ’ ಎಂಬಲ್ಲಿ ಕೈಯೂ ಇದೆ, ಕೊಡುವುದೂ ಇದೆ. ‘ಗಿವ್ ಎ ಹ್ಯಾಂಡ್’ ಎಂಬಲ್ಲಿಯೂ ಅವೆರಡೇ. ಆದರೆ ಕನ್ನಡದಲ್ಲಿ ಕೈಕೊಟ್ಟವನು ನಡುನೀರಿನಲ್ಲಿ ಬಿಟ್ಟುಹೋದವನು. ಇಂಗ್ಲಿಷಿನಲ್ಲಿ ಹ್ಯಾಂಡ್ ಕೊಟ್ಟವನು ಮೂಟೆಗೆ ಹೆಗಲು ಕೊಟ್ಟವನು. ಟ್ರಾನ್ಸ್‌ಪೋರ್ಟ್‌ನವನು ನಮಗೆ ನೆರವಾದ, ಆದ್ದರಿಂದ ಮಾಲು ತಡವಾಗುತ್ತದೆ ಎಂದು ಅವರು ಓದಿಕೊಂಡರು. ಎರಡಕ್ಕೂ ಸಂಬಂಧ ಕಾಣದಿದ್ದರೂ ಮರ್ಯಾದಸ್ಥರಾದ್ದರಿಂದ ಥ್ಯಾಂಕ್ಸ್ ಹೇಳಿ ಸುಮ್ಮನಾದರು. ನೀವು ಹುಡುಕುತ್ತಿದ್ದ ಮಾತು ‘ಲೆಟ್ ಅಸ್ ಡೌನ್’. ನಂಬಿಸಿ ಕೈಕೊಟ್ಟ ಎಂಬುದಕ್ಕೆ ಇದಕ್ಕಿಂತ ಹತ್ತಿರದ್ದು ಸಿಗಲಾರದು, ಯಾವ ಕಚೇರಿಯ ಪತ್ರದಲ್ಲೂ ಸಲ್ಲುತ್ತದೆ.

ಕೈಯನ್ನೇ ಇನ್ನಷ್ಟು ನೋಡೋಣ, ಏಕೆಂದರೆ ಈ ಒಂದು ಅಂಗದಲ್ಲೇ ನಿಮ್ಮ ಪ್ರಶ್ನೆಯ ಬಹುಪಾಲು ಉತ್ತರವಿದೆ. ಕನ್ನಡದಲ್ಲಿ ಒಬ್ಬ ಕೈಹಿಡಿಯುತ್ತಾನೆ, ಕೈಬಿಡುತ್ತಾನೆ, ಹೊಸ ವ್ಯಾಪಾರಕ್ಕೆ ಕೈಹಾಕುತ್ತಾನೆ, ಸೋತು ಕೈಚೆಲ್ಲುತ್ತಾನೆ, ಸಿಟ್ಟು ಬಂದರೆ ಕೈಮಾಡುತ್ತಾನೆ. ಕೈಮಾಡುವುದೆಂದರೆ ಹೊಡೆಯುವುದು ಎಂದು ನಿಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಜಗಳ ನೋಡಿ ಕಲಿತಿರಿ. ಇಂಗ್ಲಿಷಿನ ಕೈ ಬೇರೆಯೇ ಲೆಕ್ಕದಲ್ಲಿ ಓಡಾಡುತ್ತದೆ. ಪರಿಸ್ಥಿತಿ ‘ಔಟ್ ಆಫ್ ಹ್ಯಾಂಡ್’ ಆದರೆ ಹತೋಟಿ ತಪ್ಪಿದೆ ಎಂದರ್ಥ. ಅಂಗಡಿ ‘ಚೇಂಜ್ ಹ್ಯಾಂಡ್ಸ್’ ಆದರೆ ಮಾಲೀಕರು ಬದಲಾದರು; ಕನ್ನಡದಲ್ಲೂ ಕೈ ಬದಲಾಯಿತು ಎನ್ನುತ್ತೇವೆ, ಇಲ್ಲಿ ಎರಡೂ ಕೂಡಿಬಂದಿವೆ. ‘ಮೈ ಹ್ಯಾಂಡ್ಸ್ ಆರ್ ಟೈಡ್’ ಎಂಬುದಂತೂ ಅಚ್ಚಿಗೆ ಅಚ್ಚು ನಮ್ಮ ‘ನನ್ನ ಕೈ ಕಟ್ಟಿಹಾಕಿದ್ದಾರೆ’ ಎಂಬ ಮಾತೇ. ವ್ಯಾಪಾರಿ ಇನ್ನೂ ಐದು ರೂಪಾಯಿ ಇಳಿಸಿ ಎಂದಾಗ, ದರ ನಿಗದಿ ಮಾಡುವವರು ನೀವಲ್ಲದಿದ್ದರೆ, ಇದಕ್ಕಿಂತ ನಯವಾದ ಉತ್ತರವಿಲ್ಲ.

ಹೀಗೆ ಕೂಡಿಬರುವವು ಬೇಕಾದಷ್ಟಿವೆ. ಮೂಗು ತೂರಿಸುವುದು, ಬೆನ್ನಿಗೆ ಚೂರಿ ಹಾಕುವುದು, ಕಣ್ಣಿಗೆ ಮಣ್ಣೆರಚುವುದು, ಮೊಸಳೆ ಕಣ್ಣೀರು, ಬೆಕ್ಕಿಗೆ ಗಂಟೆ ಕಟ್ಟುವುದು. ಇವುಗಳಿಂದಲೇ ಆರಂಭಿಸಿ, ತಪ್ಪುವ ಭಯ ಕಡಿಮೆ. ಬಿಳಿ ಆನೆ, ಮಂಜುಗಡ್ಡೆಯ ತುದಿಯಂಥವು ಇಂಗ್ಲಿಷಿನಿಂದ ಪತ್ರಿಕೆಗಳ ಮೂಲಕ ಕನ್ನಡಕ್ಕೆ ಇಳಿದವು. ರಾಯಚೂರಿನಲ್ಲಿ ಹುಟ್ಟಿ ಬೆಳೆದವರು ಮಂಜುಗಡ್ಡೆಯ ತುದಿಯನ್ನು ಎಲ್ಲಿ ನೋಡಬೇಕು? ಆದರೂ ಹಗರಣದ ಸುದ್ದಿ ಬಂದರೆ ಅದನ್ನೇ ಬರೆಯುತ್ತೇವೆ.

ಎಚ್ಚರವಿರಬೇಕಾದದ್ದು ಮುಖ ಒಂದೇ, ಗುಣ ಬೇರೆ ಇರುವವುಗಳ ಹತ್ತಿರ. ‘ಕಾಲೆಳೆಯುವುದು’ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ: ಛೇಡಿಸುವುದು ಒಂದು, ಮೇಲೇರುವವನನ್ನು ಕೆಳಗೆ ಬೀಳಿಸುವುದು ಇನ್ನೊಂದು. ‘ಪುಲ್ ಸಮ್‌ಒನ್ಸ್ ಲೆಗ್’ ಮೊದಲನೆಯದನ್ನು ಮಾತ್ರ ಹೇಳುತ್ತದೆ, ಅದೂ ಸುಳ್ಳೊಂದನ್ನು ನಂಬಿಸಿ ತಮಾಷೆ ನೋಡುವುದು. ಸಹೋದ್ಯೋಗಿಗಳು ನಿಮ್ಮ ಬಡ್ತಿಗೆ ಅಡ್ಡಗಾಲು ಹಾಕುತ್ತಿದ್ದಾರೆ ಎಂದು ದೂರಲು ಹೋಗಿ ‘ದೇ ಆರ್ ಪುಲ್ಲಿಂಗ್ ಮೈ ಲೆಗ್’ ಎಂದರೆ, ಹೊರನಾಡಿನ ಮೇಲಧಿಕಾರಿಯ ಕಣ್ಣಿಗೆ ನೀವು ತಮಾಷೆ ತಾಳಲಾರದ ಮನುಷ್ಯನಾಗಿ ಕಾಣುತ್ತೀರಿ. ಹೊಟ್ಟೆಕಿಚ್ಚನ್ನು ಪದ ಪದವಾಗಿ ಇಂಗ್ಲಿಷಿಗೆ ಸಾಗಿಸಿದರೆ ಕೇಳಿದವರು ಅಸಿಡಿಟಿ ಮಾತ್ರೆ ಕೊಡುತ್ತಾರೆ. ತಲೆ ತಿನ್ನಬೇಡ ಎಂಬುದನ್ನು ಸಾಗಿಸಿದರೆ ಏನಾಗುತ್ತದೆ ಎಂದು ಬರೆಯುವುದೇ ಬೇಡ.

ನಮ್ಮ ಬಿಸಿಲುನಾಡಿನವರಿಗೆ ಇನ್ನೊಂದು ವಿಶೇಷ ತೊಡಕಿದೆ. ಇಂಗ್ಲಿಷ್ ಚಳಿ ದೇಶದ ಭಾಷೆ. ಅಲ್ಲಿ ಒಳ್ಳೆಯದೆಲ್ಲ ಬೆಚ್ಚಗಿರುತ್ತದೆ, ಕೆಟ್ಟದ್ದೆಲ್ಲ ತಣ್ಣಗಿರುತ್ತದೆ. ಆದರದ ಸ್ವಾಗತ ‘ವಾರ್ಮ್ ವೆಲ್‌ಕಮ್’; ಮುಖ ತಿರುಗಿಸಿ ಹೋದರೆ ‘ಕೋಲ್ಡ್ ಷೋಲ್ಡರ್’; ಕೊನೆಯ ಗಳಿಗೆಯಲ್ಲಿ ಧೈರ್ಯಗೆಟ್ಟರೆ ‘ಕೋಲ್ಡ್ ಫೀಟ್’. ನಮ್ಮಲ್ಲಿ ತಿರುವುಮುರುವು. ಉಪಕಾರ ಮಾಡಿದವರನ್ನು ತಂಪು ಹೊತ್ತಿನಲ್ಲಿ ನೆನೆಯುತ್ತೇವೆ, ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ, ಸಿಟ್ಟಾದವರು ‘ಉರಿಯುತ್ತಿದ್ದಾರೆ’. ಮೇ ತಿಂಗಳಲ್ಲಿ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಇಳಿದ ನೆಂಟರಿಗೆ ಬೆಚ್ಚನೆಯ ಸ್ವಾಗತ ಕೊಟ್ಟರೆ ಅವರು ಮರುಬಸ್ಸಿಗೇ ಹತ್ತಿಯಾರು. ಪತ್ರಿಕೆಗಳಲ್ಲಿ ‘ಬೆಚ್ಚನೆಯ ಸ್ವಾಗತ’ ಎಂದು ಓದಿದಾಗಲೆಲ್ಲ ನನಗೆ ಬೆವರು ಬರುತ್ತದೆ. ನೀವು ಇಂಗ್ಲಿಷಿನಲ್ಲಿ ಬರೆಯುವಾಗ ಈ ದಿಕ್ಕು ಬದಲಾವಣೆ ನೆನಪಿರಲಿ: ಅಲ್ಲಿ ನಿಮ್ಮ ನಮಸ್ಕಾರವೂ ‘ವಾರ್ಮ್ ರಿಗಾರ್ಡ್ಸ್’ ಆಗಿ ಹೋಗಬೇಕು.

‘ಬ್ರೇಕ್ ದಿ ಐಸ್’ ಕೂಡ ಈ ಚಳಿಯ ಕುಟುಂಬದ್ದೇ. ಹೆಪ್ಪುಗಟ್ಟಿದ ನೀರನ್ನು ಒಡೆದು ದೋಣಿಗೆ ದಾರಿ ಮಾಡುವುದರಿಂದ ಬಂದ ಮಾತು. ಅಪರಿಚಿತರ ನಡುವಿನ ಮೊದಲ ಸಂಕೋಚ ಕಳೆಯುವುದಕ್ಕೆ ಮಾತ್ರ ಇದು. ಹೊಸ ವ್ಯಾಪಾರಿ ಬಂದು ಕುಳಿತಿದ್ದಾರೆ, ಇಬ್ಬರಿಗೂ ಮಾತು ಹೊರಡುತ್ತಿಲ್ಲ, ನೀವು ಚಹಾ ತರಿಸಿ ಕೋಟೆ ಗುಡ್ಡ ಹತ್ತಿದಿರಾ ಎಂದು ಕೇಳುತ್ತೀರಿ, ಮಾತು ಬಿಚ್ಚಿಕೊಳ್ಳುತ್ತದೆ. ಆಗ ‘ದಟ್ ಬ್ರೋಕ್ ದಿ ಐಸ್’. ನಮ್ಮ ಹುಡುಗರು ಇದನ್ನು ಹಳೆಯ ಜಗಳ ಮುಗಿಸುವುದಕ್ಕೂ ಬಳಸುತ್ತಾರೆ, ಅದು ತಪ್ಪು. ಜಗಳ ಮರೆತು ಒಂದಾಗುವುದಕ್ಕೆ ‘ಬರಿ ದಿ ಹ್ಯಾಚೆಟ್’ ಇದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಸಂಧಿಯ ಗುರುತಾಗಿ ಕೊಡಲಿಯನ್ನು ಮಣ್ಣಿನಲ್ಲಿ ಹೂಳುತ್ತಿದ್ದ ಪದ್ಧತಿಯಿಂದ ಅದು ಹುಟ್ಟಿತು.

ಮಳೆಗೆ ಬೆಕ್ಕು ನಾಯಿ ಸುರಿಯುವ ಆ ಪ್ರಸಿದ್ಧ ನುಡಿಗಟ್ಟು ನಿಮ್ಮ ಪುಸ್ತಕದ ಮೊದಲ ಪುಟದಲ್ಲೇ ಇರಬಹುದು. ಬಿಟ್ಟುಬಿಡಿ. ಅರ್ಥವಾಗುತ್ತದೆ, ಆದರೆ ಪಠ್ಯಪುಸ್ತಕದ ವಾಸನೆ ಹೊಡೆಯುತ್ತದೆ. ‘ಇಟ್ ಈಸ್ ಪೋರಿಂಗ್’ ಎನ್ನಿ.

ಈಗ ವ್ಯಾಕರಣ. ಸಾಮಾನ್ಯ ವಾಕ್ಯದಲ್ಲಿ ಪದಗಳನ್ನು ನೀವು ಸ್ವಲ್ಪ ಅತ್ತಿತ್ತ ಮಾಡಬಹುದು. ನುಡಿಗಟ್ಟಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ನಾವು ಮನೆಮಠ ಕಳೆದುಕೊಂಡ ಎನ್ನುತ್ತೇವೆ, ಮಠಮನೆ ಕಳೆದುಕೊಂಡ ಎನ್ನುವುದಿಲ್ಲ. ಹಾಗೆಯೇ ದುಬಾರಿ ವಸ್ತುವಿಗೆ ‘ಆ್ಯನ್ ಆರ್ಮ್ ಅಂಡ್ ಎ ಲೆಗ್’ ತೆರಬೇಕು. ಲೆಗ್ ಮೊದಲು ಬರುವಂತಿಲ್ಲ. ಹೆದರಿಕೆಯ ‘ಫೀಟ್’ ಯಾವಾಗಲೂ ಬಹುವಚನ, ಛೇಡಿಸುವ ‘ಲೆಗ್’ ಯಾವಾಗಲೂ ಏಕವಚನ. ಹತ್ತು ಜನ ಸೇರಿ ನಿಮ್ಮನ್ನು ಛೇಡಿಸಿದರೂ ಎಳೆಯುವುದು ಒಂದೇ ಕಾಲು.

ಕನ್ನಡದವರು ಅತಿ ಹೆಚ್ಚು ಕಳೆದುಕೊಳ್ಳುವುದು ‘ಎ’, ‘ದಿ’ ಎಂಬ ಪುಟ್ಟ ಪದಗಳನ್ನು. ಕನ್ನಡದಲ್ಲಿ ಅವುಗಳ ಕೆಲಸ ಮಾಡುವ ಪದಗಳಿಲ್ಲ, ಆದ್ದರಿಂದ ಕಿವಿಗೆ ಬೀಳುವುದೇ ಇಲ್ಲ. ಮೈ ಸರಿಯಿಲ್ಲದಿದ್ದರೆ ‘ಅಂಡರ್ ದಿ ವೆದರ್’. ‘ದಿ’ ಬಿದ್ದುಹೋದರೆ ನುಡಿಗಟ್ಟೇ ಬಿದ್ದುಹೋಗುತ್ತದೆ. ನೀರು ಕುಡಿದಷ್ಟು ಸುಲಭ ಎನ್ನುವುದಕ್ಕೆ ‘ಎ ಪೀಸ್ ಆಫ್ ಕೇಕ್’. ‘ಎ’ ಬಿಟ್ಟರೆ ಕೇಳಿದವರು ಅರೆಗಳಿಗೆ ತಡವರಿಸುತ್ತಾರೆ. ನುಡಿಗಟ್ಟನ್ನು ಬರೆದುಕೊಳ್ಳುವಾಗ ಈ ಪುಟ್ಟ ಪದಗಳಿಗೇ ಅಡಿಗೆರೆ ಎಳೆಯಿರಿ, ದೊಡ್ಡ ಪದಗಳು ತಾವೇ ನೆನಪಿರುತ್ತವೆ.

ಇನ್ನೊಂದು ಹೊಂಡ ‘ಒನ್ಸ್’ ಎಂಬುದು. ನಿಘಂಟಿನಲ್ಲಿ ‘ಕೀಪ್ ಒನ್ಸ್ ವರ್ಡ್’ ಎಂದಿರುತ್ತದೆ. ಅಲ್ಲಿನ ‘ಒನ್ಸ್’ ಬರಿಯ ಖಾಲಿ ಜಾಗ; ಕರ್ತೃ ಯಾರೋ ಅವರದೇ ಸರ್ವನಾಮ ಅಲ್ಲಿ ಬಂದು ಕೂರಬೇಕು. ನಾನು ಮಾತು ಉಳಿಸಿಕೊಂಡೆ ಎನ್ನಲು ‘ಐ ಕೆಪ್ಟ್ ಮೈ ವರ್ಡ್’, ಅವಳಾದರೆ ‘ಷಿ ಕೆಪ್ಟ್ ಹರ್ ವರ್ಡ್’. ‘ಸಮ್‌ಒನ್ಸ್’ ಎಂದಿದ್ದರೆ ಅಲ್ಲಿ ಬೇರೆಯವರು ಕೂರುತ್ತಾರೆ: ನಾನು ಎಳೆಯುವುದು ಅವನ ಕಾಲನ್ನು, ನನ್ನದನ್ನಲ್ಲ. ‘ಐ ಕೆಪ್ಟ್ ಒನ್ಸ್ ವರ್ಡ್’ ಎಂದು ಸಂದರ್ಶನದಲ್ಲಿ ಹೇಳಿದ ಪದವೀಧರರನ್ನು ನಾನು ನೋಡಿದ್ದೇನೆ. ಪುಸ್ತಕದ ಖಾಲಿ ಜಾಗವನ್ನು ಹಾಗೆಯೇ ಹೊತ್ತು ತಂದಿದ್ದರು.

ಕೆಲವು ನುಡಿಗಟ್ಟುಗಳು ‘ಇಲ್ಲ’ದ ಜೊತೆಯಲ್ಲೇ ಬಾಳುತ್ತವೆ. ‘ಅವನು ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡಲಿಲ್ಲ’ ಎನ್ನುತ್ತೇವೆ. ‘ನಾನು ಇವತ್ತು ಹುಲ್ಲುಕಡ್ಡಿ ಎತ್ತಿಟ್ಟೆ’ ಎಂದು ಹೆಮ್ಮೆಪಟ್ಟರೆ ಮನೆಯವರು ನಕ್ಕಾರು. ಇಂಗ್ಲಿಷಿನ ‘ಲಿಫ್ಟ್ ಎ ಫಿಂಗರ್’ ಅಂಥದೇ. ‘ಹೋಲ್ಡ್ ವಾಟರ್’ ಕೂಡ ಹೆಚ್ಚಾಗಿ ಹಾಗೆಯೇ: ಅವನ ಸಬೂಬು ನಿಲ್ಲುವುದಿಲ್ಲ ಎನ್ನಲು ‘ಡಸಂಟ್ ಹೋಲ್ಡ್ ವಾಟರ್’.

ನಿಮ್ಮ ಉದ್ಯೋಗಕ್ಕೆ ಇನ್ನೊಂದು ವಿಷಯ ಮುಖ್ಯ. ಎದುರಿಗಿರುವವರು ಯಾವ ಇಂಗ್ಲಿಷಿನವರು? ನಮ್ಮ ಶಾಲೆಗಳಿಗೆ ಬಂದದ್ದು ಬ್ರಿಟಿಷ್ ಇಂಗ್ಲಿಷ್, ಕಂಪ್ಯೂಟರ್ ಕಂಪನಿಗಳ ಮೂಲಕ ಕಚೇರಿಗಳಿಗೆ ಬಂದದ್ದು ಅಮೆರಿಕದ್ದು. ಬ್ರಿಟಿಷರ ಮಾತಿನಲ್ಲಿ ಕ್ರಿಕೆಟ್ ತುಂಬಿದೆ, ಆದ್ದರಿಂದ ನಮಗೆ ಸುಲಭ. ರಕ್ಷಣೆಗೆ ಇಳಿದವನು ‘ಆನ್ ದಿ ಬ್ಯಾಕ್ ಫುಟ್’. ಅಮೆರಿಕದವರ ಮಾತಿನಲ್ಲಿ ಬೇಸ್‌ಬಾಲ್ ತುಂಬಿದೆ. ವ್ಯಾಪಾರಿಯೊಬ್ಬರು ಐನೂರು ಪ್ಯಾಂಟಿಗೆ ‘ಬಾಲ್‌ಪಾರ್ಕ್ ಫಿಗರ್’ ಕೊಡಿ ಎಂದು ಮೇಲ್ ಮಾಡಿದರೆ ಅದು ಹೊಸ ಅಳತೆಯ ಹೆಸರಲ್ಲ. ಬಾಲ್‌ಪಾರ್ಕ್ ಎಂದರೆ ಬೇಸ್‌ಬಾಲ್ ಮೈದಾನ, ಅವರು ಕೇಳುತ್ತಿರುವುದು ಅಂದಾಜು ದರ. ಪೈಸೆ ಲೆಕ್ಕದ ಕೊಟೇಶನ್ ಕಳಿಸಬೇಕಾಗಿಲ್ಲ. ಸೋಮವಾರ ‘ಟಚ್ ಬೇಸ್’ ಮಾಡೋಣ ಎಂದರೆ ಸ್ವಲ್ಪ ಮಾತಾಡೋಣ ಎಂದಷ್ಟೇ. ಮಾತನ್ನು ಪೂರ್ತಿ ನಂಬದೆ ಕೇಳುವುದಕ್ಕೆ ಬ್ರಿಟನ್ನಿನಲ್ಲಿ ‘ಪಿಂಚ್ ಆಫ್ ಸಾಲ್ಟ್’, ಅಮೆರಿಕದಲ್ಲಿ ‘ಗ್ರೇನ್ ಆಫ್ ಸಾಲ್ಟ್’. ಇದರಿಂದ ಯಾರಿಗೂ ನಷ್ಟವಿಲ್ಲ. ನಷ್ಟ ತರುವುದು ‘ಟೇಬಲ್’ ಎಂಬ ಕ್ರಿಯಾಪದ. ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಬ್ರಿಟಿಷರಿಗೂ ನಮ್ಮ ಸಂಸತ್ತಿಗೂ ಚರ್ಚೆಗೆ ಮಂಡಿಸುವುದು. ಅಮೆರಿಕದವರಿಗೆ ಚರ್ಚೆಯನ್ನು ಪಕ್ಕಕ್ಕಿಡುವುದು. ಅಂಥವರ ಸಭೆಯಲ್ಲಿ ಈ ಪದವನ್ನೇ ಮುಟ್ಟಬೇಡಿ.

ನಮ್ಮ ದೇಶದ್ದೇ ಆದ ಇಂಗ್ಲಿಷ್ ನುಡಿಗಟ್ಟುಗಳೂ ಇವೆ, ನಾನು ಅವುಗಳನ್ನು ಕೀಳಾಗಿ ನೋಡುವವನಲ್ಲ. ‘ಔಟ್ ಆಫ್ ಸ್ಟೇಷನ್’ ಎಂದರೆ ಊರಲ್ಲಿಲ್ಲ ಎಂದು ಮುಂಬೈಯವರಿಗೂ ಗೊತ್ತು, ದೆಹಲಿಯವರಿಗೂ ಗೊತ್ತು, ಸುಖವಾಗಿ ಬಳಸಿ. ವಿದೇಶಿ ವ್ಯಾಪಾರಿಯ ಜೊತೆ ಮಾತ್ರ ಬೇಡ. ‘ಪಾಸ್ಡ್ ಔಟ್’ ವಿಷಯದಲ್ಲಿ ಇನ್ನೂ ಜೋಕೆ: ನೀವು ಕಾಲೇಜು ಮುಗಿಸಿದೆ ಎನ್ನುತ್ತೀರಿ, ಅವರಿಗೆ ನೀವು ಮೂರ್ಛೆ ಹೋದಂತೆ ಕೇಳಿಸುತ್ತದೆ.

ಹಾಗಾದರೆ ಯಾವುದನ್ನು ಬಳಸುವುದು? ನಿಮ್ಮ ಮೇಜಿನ ಮೇಲೆ ದಿನವೂ ನಡೆಯುವುದನ್ನು ಹೇಳುವಂಥವನ್ನು. ವ್ಯಾಪಾರಿ 420 ರೂಪಾಯಿ ಎನ್ನುತ್ತಾರೆ, ನಿಮ್ಮ ಮಾಲೀಕರು 460 ಎನ್ನುತ್ತಾರೆ; 440ಕ್ಕೆ ಬನ್ನಿ ಎನ್ನಲು ‘ಲೆಟ್ ಅಸ್ ಮೀಟ್ ಹಾಫ್‌ವೇ’. ಇದರಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ, ಆದ್ದರಿಂದಲೇ ಕೆಲಸ ಮಾಡುತ್ತದೆ. ವಾಷಿಂಗ್ ಘಟಕದಿಂದ ಬಂದ ಸ್ಯಾಂಪಲ್ಲಿನ ಬಣ್ಣ ಒಪ್ಪಿಗೆಯಾಗದೆ ಮತ್ತೆ ಬಟ್ಟೆ ಕತ್ತರಿಸುವುದರಿಂದ ಶುರುಮಾಡಬೇಕಾಗಿ ಬಂದರೆ ‘ಬ್ಯಾಕ್ ಟು ಸ್ಕ್ವೇರ್ ಒನ್’. ಕಡಿಮೆ ದರಕ್ಕೆ ದಾರದಲ್ಲೋ ಜಿಪ್‌ನಲ್ಲೋ ಉಳಿಸುವವರು ‘ಕಟ್ ಕಾರ್ನರ್ಸ್’ ಮಾಡುವವರು. ‘ವಿ ಡು ನಾಟ್ ಕಟ್ ಕಾರ್ನರ್ಸ್’ ಎಂದು ನೀವು ಬರೆದರೆ ಗುಣಮಟ್ಟದ ಬಗ್ಗೆ ಒಂದು ಪ್ಯಾರಾ ಉಳಿಯುತ್ತದೆ. ಆಗಾಗ ತಿಳಿಸುತ್ತಿರಿ ಎನ್ನಲು ‘ಕೀಪ್ ಮಿ ಪೋಸ್ಟೆಡ್’. ಇವತ್ತಿಗೆ ಸಾಕು, ಕೆಲಸ ನಿಲ್ಲಿಸೋಣ ಎನ್ನಲು ‘ಲೆಟ್ಸ್ ಕಾಲ್ ಇಟ್ ಎ ಡೇ’. ಅದು ರಜೆ ಘೋಷಣೆಯಲ್ಲ ಎಂದು ಹೊಲಿಗೆ ವಿಭಾಗದವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಒಂದು ಪತ್ರಕ್ಕೆ ಒಂದು ಸಾಕು. ಹಣ, ದಿನಾಂಕ, ಲೆಕ್ಕ, ದೂರು ಇವು ಬರುವ ಸಾಲಿನಲ್ಲಿ ಒಂದೂ ಬೇಡ. ಮಾಲು ಗುರುವಾರದ ಬದಲು ಶನಿವಾರ ತಲುಪುತ್ತದೆ ಎಂಬುದನ್ನು ಹಾಗೆಯೇ ಹೇಳಬೇಕು. ಅಲ್ಲಿ ಅಲಂಕಾರ ಮಾಡಿದರೆ ಏನೋ ಮುಚ್ಚಿಡುತ್ತಿದ್ದೀರಿ ಎಂದು ವ್ಯಾಪಾರಿಗೆ ಅನುಮಾನ ಬರುತ್ತದೆ, ಅನುಮಾನ ಬಹಳ ಸಲ ಸರಿಯೂ ಇರುತ್ತದೆ. ಬಾಯಲ್ಲಿ ಹೇಳುವಾಗ ನುಡಿಗಟ್ಟನ್ನು ಒಂದೇ ಉಸಿರಿಗೆ ಹೇಳಿ ಮುಂದೆ ಹೋಗಿ. ಮಧ್ಯೆ ತಡೆದರೆ ಅದು ಬಿಡಿ ಬಿಡಿ ಪದಗಳಾಗಿ ಕೇಳಿಸುತ್ತದೆ. ಹೇಳಿದ ಮೇಲೆ ಎದುರಿನವರ ಮುಖ ನೋಡುತ್ತಾ ನಿಂತರೆ ಹೊಸ ಅಂಗಿ ತೋರಿಸಿದ ಹಾಗಾಗುತ್ತದೆ.

ಕಲಿಯುವ ಕ್ರಮದ ಬಗ್ಗೆ. ನಿಮ್ಮ ಕಾರಟಗಿ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಗ ಕೊಪ್ಪಳ ರಾಯಚೂರು ಜಿಲ್ಲೆಯ ಭಾಗ. ಕಚೇರಿಯ ಭಾಷೆ ಉರ್ದು. ತುಂಗಭದ್ರೆಯ ಈಚೆಗಿನ ಬಳ್ಳಾರಿ 1953ರವರೆಗೆ ಮದ್ರಾಸ್ ಆಡಳಿತದಲ್ಲಿದ್ದು ಇಂಗ್ಲಿಷ್ ಕಂಡಿತ್ತು. ಉರ್ದು ಓದಲು ಬಾರದ ನಿಮ್ಮ ಕಡೆಯ ಹಿರಿಯರೂ ತಕರಾರು, ದರ್ಖಾಸ್ತು, ಮಂಜೂರು, ಜಪ್ತಿ ಎಂಬುವನ್ನೆಲ್ಲ ಎಲ್ಲಿ ಹೇಗೆ ಹೇಳಬೇಕೋ ಹಾಗೆಯೇ ಹೇಳುತ್ತಿದ್ದರು. ದಫ್ತರದ ಮುಂದೆ ನಿಂತು ಕೇಳಿಸಿಕೊಂಡು ಬಂದ ಕಲಿಕೆ ಅದು. ನೀವೂ ಹಾಗೆಯೇ ಕೇಳಿಸಿಕೊಳ್ಳಿ. ಕಚೇರಿಗೆ ಬರುವ ಮೇಲ್‌ಗಳು, ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟ, ಕ್ರಿಕೆಟ್ ವೀಕ್ಷಕ ವಿವರಣೆ ಇಷ್ಟಿದ್ದರೆ ನುಡಿಗಟ್ಟುಗಳಿಗೆ ಬರವಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಅರ್ಥದ ಬದಲು ಇಡೀ ವಾಕ್ಯವನ್ನು ಬರೆದುಕೊಳ್ಳಿ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂದು ಪಕ್ಕದಲ್ಲಿ ಗುರುತು ಹಾಕಿ. ಒಂದೇ ನುಡಿಗಟ್ಟು ಬೇರೆ ಬೇರೆಯವರ ಬಾಯಲ್ಲಿ ಮೂರನೆಯ ಸಲ ಕಣ್ಣಿಗೆ ಬೀಳುವವರೆಗೂ ನೀವು ಬಳಸಬೇಡಿ. ಅರ್ಥವಾಗುವ ನುಡಿಗಟ್ಟುಗಳು ಐನೂರಿದ್ದರೂ ಆಡುವವು ಇಪ್ಪತ್ತಿದ್ದರೆ ಸಾಕು. ಕನ್ನಡದಲ್ಲೂ ನಾವು ಅಷ್ಟೇ ಅಲ್ಲವೇ? ಕೇಳಿದರೆ ತಿಳಿಯುವ ಗಾದೆಗಳು ನೂರಾರು, ಬಾಯಿಗೆ ಬರುವವು ಕೆಲವೇ.

ಇನ್ನು ಪರೀಕ್ಷೆ. ಅಲ್ಲಿ ನಿಮ್ಮ ಬಾಯಿಪಾಠ ವ್ಯರ್ಥವಲ್ಲ, ಏಕೆಂದರೆ ಪರೀಕ್ಷೆ ಕೇಳುವುದು ಅರ್ಥವನ್ನು ಮಾತ್ರ, ಧಾಟಿಯನ್ನಲ್ಲ. ಆಡುಮಾತಿಗೆ ಬೇಡ ಎಂದು ನಾನು ತೆಗೆದುಹಾಕಿದ ಹಳೆಯ ಸರಕೆಲ್ಲ ಅಲ್ಲಿ ನಡೆಯುತ್ತದೆ. ಆದ್ದರಿಂದ ಎರಡು ನೋಟ್‌ಬುಕ್ ಇಡಿ, ಒಂದಕ್ಕೊಂದು ಬೆರೆಸಬೇಡಿ. ಪರೀಕ್ಷೆಯ ಪಟ್ಟಿಗೆ ಹುಟ್ಟಿನ ಕಥೆಗಳು ನೆನಪಿಗೆ ನೆರವಾಗುತ್ತವೆ. ‘ರೀಡ್ ದಿ ರಯಟ್ ಆ್ಯಕ್ಟ್’ ಎಂದರೆ ಚೆನ್ನಾಗಿ ಗದರಿಸಿ ಎಚ್ಚರಿಸುವುದು. ಬ್ರಿಟನ್ನಿನಲ್ಲಿ 1715ರಲ್ಲಿ ಜಾರಿಗೆ ಬಂದ ಗಲಭೆ ನಿಗ್ರಹ ಕಾಯ್ದೆಯ ಪ್ರಕಾರ, ಹನ್ನೆರಡು ಅಥವಾ ಹೆಚ್ಚು ಜನ ಗುಂಪುಗೂಡಿ ದೊಂಬಿಗೆ ಇಳಿದರೆ ಅಧಿಕಾರಿ ಬಂದು ಘೋಷಣೆಯೊಂದನ್ನು ಗಟ್ಟಿಯಾಗಿ ಓದಬೇಕಿತ್ತು. ಓದಿ ಒಂದು ಗಂಟೆಯೊಳಗೆ ಚದುರದಿದ್ದರೆ ಘೋರ ಶಿಕ್ಷೆ. 2024ರವರೆಗೆ ಜಾರಿಯಲ್ಲಿದ್ದ ನಮ್ಮ 144ನೇ ಕಲಂ ನೆನಪಾದರೆ ಈ ನುಡಿಗಟ್ಟು ಮರೆಯುವುದಿಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಹುಟ್ಟಿನ ಕಥೆಗಳಲ್ಲಿ ಹೆಚ್ಚಿನವು ಕಟ್ಟುಕಥೆ. ‘ರೂಲ್ ಆಫ್ ಥಂಬ್’ ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಹೆಂಡತಿಯನ್ನು ಹೊಡೆಯಬಹುದೆಂಬ ಇಂಗ್ಲಿಷ್ ಕಾನೂನಿನಿಂದ ಬಂತು ಎನ್ನುತ್ತಾರೆ. ಅಂಥ ಕಾನೂನು ಇರಲಿಲ್ಲ. ಅನುಭವದಿಂದ ಬಂದ ಅಂದಾಜಿನ ಲೆಕ್ಕ ಎಂಬ ಅರ್ಥ ನೆನಪಿಟ್ಟರೆ ಸಾಕು.

ಗೊತ್ತಿಲ್ಲದ ನುಡಿಗಟ್ಟು ಬಂದರೆ ನಾಲ್ಕು ಆಯ್ಕೆಗಳಲ್ಲಿ ಪದಶಃ ಅರ್ಥ ಕೊಡುವುದನ್ನು ಮೊದಲು ಹೊಡೆದುಹಾಕಿ. ಪ್ರಶ್ನೆ ತಯಾರಿಸುವವರು ಆ ಬಲೆಯನ್ನು ಹೆಚ್ಚಾಗಿ ಬೀಸಿಯೇ ಇರುತ್ತಾರೆ. ವಾಕ್ಯ ಕೊಟ್ಟಿದ್ದರೆ ಉಳಿದ ಮೂರನ್ನೂ ನುಡಿಗಟ್ಟಿನ ಜಾಗದಲ್ಲಿ ಒಂದೊಂದಾಗಿ ಕೂರಿಸಿ ಓದಿ, ವ್ಯಾಕರಣಕ್ಕೆ ಒಗ್ಗದ್ದು ತಾನೇ ಬಿದ್ದುಹೋಗುತ್ತದೆ. ಎಸ್‌ಎಸ್‌ಸಿ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪಿದರೆ 0.50 ಕಡಿತ. ಎರಡು ಆಯ್ಕೆಗಳಿಗೆ ಇಳಿದಿದ್ದರೆ ಊಹಿಸಿ ಗುರುತು ಹಾಕುವುದು ಲಾಭವೇ. ನಾಲ್ಕೂ ಒಂದೇ ಥರ ಕಂಡರೆ ಹೊತ್ತು ಕಳೆಯದೆ ಮುಂದಿನ ಪ್ರಶ್ನೆಗೆ ಹೋಗಿ.